ಜಡಿಗೇನಹಳ್ಳಿ ಲೈಬ್ರರಿ ನೋಡಿ ಬಂದದ್ದು

ಬೆಳಿಗ್ಗೆ ದೊಡ್ಡಬಳ್ಳಾಪುರದಲ್ಲಿ ಬಸ್ ಹತ್ತಿದೆವು, ನಾನು ಮತ್ತು ಪಕ್ಕದ ಮನೆಯ ಮಂಜ. ಹೊರಟದ್ದು ಹೊಸಕೋಟೆ ಕಡೆಯ ಜಡಿಗೇನಹಳ್ಳಿಗೆ, ಜನ ತುಂಬಿರುತ್ತಾರೆ ಎಂದು ಕೇಳಿದ್ದ ಅಲ್ಲಿನ ಲೈಬ್ರರಿ ನೋಡಲು. ನಮ್ಮ ನೇಕಾರರ ಬೀದಿಯ ಲೈಬ್ರರಿಗೆ ಯಾರೂ ಬರುವುದಿಲ್ಲ. ತಿಂಗಳೊಳಗೆ ಜನ ಬರದಿದ್ದರೆ ಕೋಣೆಯನ್ನು ನೂಲಿನ ಗೋಡೌನಿಗೆ ಕೊಡುತ್ತೇವೆ ಎಂದು ವಾರ್ಡ್ ಮೆಂಬರ್ ಹೇಳಿಬಿಟ್ಟಿದ್ದರು. ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಸರಿಯಾಗಿ ಓದಲು ಕಲಿತದ್ದು ಆ ಕೋಣೆಯಲ್ಲೇ. ಬಿಟ್ಟುಕೊಡುವ ಮಾತೇ ಇಲ್ಲ.

ದೇವನಹಳ್ಳಿಯಲ್ಲಿ ಬಸ್ ಬದಲಿಸಿ, ಸೂಲಿಬೆಲೆ ದಾಟುವವರೆಗೂ ನಿಂತೇ ಹೋದೆವು. ಹೊಸಕೋಟೆಯಲ್ಲಿ ಇಡ್ಲಿ ತಿಂದೆವು. ಚಟ್ನಿ ಬರೀ ನೀರು. ಮಂಜ ದಾರಿಯುದ್ದಕ್ಕೂ ರೇಗಿಸಿದ. "ಲೇ, ಜನ ಘಾಟಿ ದೇವಸ್ಥಾನಕ್ಕೆ ಹರಕೆ ಹೊತ್ಕೊಂಡು ಹೋಗ್ತಾರೆ. ನೀನು ಲೈಬ್ರರಿಗೆ ಹೊತ್ಕೊಂಡಿದ್ಯಲ್ಲೋ."

ಮಧ್ಯಾಹ್ನ ಜಡಿಗೇನಹಳ್ಳಿ ತಲುಪಿದರೆ ಲೈಬ್ರರಿಗೆ ಬೀಗ. ಮಂಜ ನಕ್ಕ. ಡೈರಿಗೆ ಹಾಲು ಹಾಕುವ ಹೊತ್ತಿಗೆ ತೆಗೆಯುತ್ತಾರೆ ಎಂದು ಅಂಗಡಿಯವನು ಹೇಳಿದ. ಸುಡು ಬಿಸಿಲು. ಹೊಂಗೆ ಮರದ ಕೆಳಗೆ ಕೂತು ಕಾದೆವು.

ಕಟ್ಟಡ ದೊಡ್ಡದಲ್ಲ. ಡೈರಿಗೆ ಅಂಟಿಕೊಂಡೇ ಇದೆ. ಸೂರನ್ನು ಮುಂದಕ್ಕೆ ಚಾಚಿ ಅದರ ಕೆಳಗೆ ಉದ್ದ ಜಗುಲಿ ಕಟ್ಟಿದ್ದಾರೆ. ಪುಸ್ತಕದ ಗೂಡುಗಳು ಜಗುಲಿ ಕಡೆಗೇ ತೆರೆದುಕೊಳ್ಳುತ್ತವೆ. ಒಳಗೆ ಹೆಂಚಿನ ನಡುವೆ ಅಲ್ಲಲ್ಲಿ ಗಾಜಿನ ಹೆಂಚು ಹಾಕಿರುವುದರಿಂದ ಹಗಲು ದೀಪ ಬೇಡ. ಸಂಜೆ ಬಾಗಿಲು ತೆಗೆದರು. ಹಾಲು ಹಾಕಿದವರು ಕ್ಯಾನು ಪಕ್ಕಕ್ಕಿಟ್ಟು ಕೂತರು. ಒಬ್ಬಾಕೆ ಹಸುವಿನ ಕೆಚ್ಚಲು ಬಾವಿನ ಬಗ್ಗೆ ಪುಸ್ತಕ ಕೇಳಿದಳು. ಒಬ್ಬ ಮುದುಕರು ಕಂಪ್ಯೂಟರಿನಲ್ಲಿ ತಮ್ಮ ಜಮೀನಿನ ಪಹಣಿ ನೋಡಿಸಿಕೊಂಡರು.

ಲೈಬ್ರರಿ ನೋಡಿಕೊಳ್ಳುವ ರತ್ನಮ್ಮನವರಿಗೆ ನಮ್ಮ ಕಷ್ಟ ಹೇಳಿ, ಇಂಥ ಜಗುಲಿ ಕಟ್ಟಿಸುವುದು ಹೇಗೆ ಎಂದು ಕೇಳಿದೆ. ಅವರು ಅದನ್ನು ಬಿಟ್ಟು ಬೇರೆ ಕೇಳಿದರು.

"ನಿಮ್ಮ ಜನಕ್ಕೆ ಬಿಡುವು ಯಾವಾಗಪ್ಪಾ?"

"ಕರೆಂಟ್ ಹೋದಾಗ ಮೇಡಂ. ಮಗ್ಗ ನಿಂತೋಗುತ್ತಲ್ಲ."

"ಆಗ ಲೈಬ್ರರಿ ತೆಗ್ದಿರುತ್ತಾ?"

"ಇಲ್ಲ, ಬೀಗ ಹಾಕ್ತಾರೆ. ಲೈಟಿಲ್ಲ, ಫ್ಯಾನಿಲ್ಲ ಅಂತ."

ಹೇಳುವಾಗಲೇ ನನಗೆ ಗೊತ್ತಾಯಿತು. ಮಂಜ ಹಣೆ ಚಚ್ಚಿಕೊಂಡ.

ವಾಪಸು ಬರುವಾಗ ಸೀಟು ಸಿಕ್ಕಿತು. ಮಂಜ ರೇಗಿಸಲಿಲ್ಲ. ತನ್ನ ಚಿಕ್ಕಪ್ಪ ಕೆಡವಿದ ಮನೆಯ ಗಾಜಿನ ಹೆಂಚುಗಳು ಹಿತ್ತಲಲ್ಲಿ ಬಿದ್ದಿವೆ ಎಂದ. ನಮ್ಮ ಲೈಬ್ರರಿಯದೂ ಹೆಂಚಿನ ಕೋಣೆಯೇ. ಬಸ್ ಇಳಿದು ನೇರ ಮೆಂಬರ್ ಮನೆಗೆ ಹೋಗಿ, ಬೀಗದ ಕೈ ನನ್ನ ಹತ್ತಿರ ಇರಲಿ ಎಂದೆ. ಕೊಟ್ಟರು.

ಹೆಂಚು ಕೂರಿಸಿದ ಮಾರನೆಯ ದಿನ ಕರೆಂಟ್ ಹೋಯಿತು. ಬೀದಿ ಗಪ್ಪಾಯಿತು. ಓಡಿಹೋಗಿ ಬಾಗಿಲು ತೆಗೆದೆ. ಮೊದಲು ಬಂದದ್ದು ಮಂಜನ ಅಮ್ಮ. ಮಗ್ಗದ ಲಾಳಿ ಕೈಯಲ್ಲೇ ಇತ್ತು.

"ಕರೆಂಟ್ ಬಂದ್ರೆ ಎದ್ದೋಗ್ತೀನಿ ಕಣಪ್ಪಾ," ಎಂದು ಪುಸ್ತಕ ತೆಗೆದುಕೊಂಡು ಗಾಜಿನ ಹೆಂಚಿನ ಬೆಳಕಿಗೆ ಕೂತರು. ಅವರ ಹಿಂದೆ ಇನ್ನೂ ಕೆಲವರು ಬಂದರು.

ಕರೆಂಟ್ ಬಂತು. ಮಗ್ಗಗಳು ಬಡಿಯತೊಡಗಿದವು. ಮಂಜನ ಅಮ್ಮ ಪುಟ ಮುಗಿಸಿಯೇ ಎದ್ದರು.