ಚರ್ಮದ ಸೀಟಿನ ಮೇಲೊಂದು ಮಣೆ

ಮೋಟಾರು ಕಂಡರೆ ಎತ್ತುಗಳು ಬೆದರುತ್ತಿದ್ದ ಕಾಲ. ಹೊಸದುರ್ಗದ ಕೊಬ್ಬರಿ ಸಾಹುಕಾರರಿಬ್ಬರು ಒಂದೇ ವರ್ಷ ವಿಲಾಯಿತಿ ಮೋಟಾರು ತರಿಸಿದರು. ಯಾವುದು ಹೆಚ್ಚು ಓಡುತ್ತದೆ, ಯಾವುದರಲ್ಲಿ ಹೆಚ್ಚು ಸುಖ ಅಂತ ತೀರ್ಪು ಹೇಳಲು, ಊರ ಮೇಷ್ಟ್ರಾಗಿದ್ದ ನನ್ನನ್ನು ಎರಡರಲ್ಲೂ ಹೊಳಲ್ಕೆರೆಗೆ ಕರೆದೊಯ್ದರು.

ಓಟದಲ್ಲಿ ಎರಡೂ ಸಮ. ಎರಡರಲ್ಲೂ ನನ್ನ ಪೇಟ ಹಾರಿಹೋಯಿತು. ಸುಖದ ಮಾತೇ ಬೇರೆ. ಒಬ್ಬರು ಮಖಮಲ್ಲು ಸವೆದೀತೆಂದು ಹಿಂದಿನ ಸೀಟಿಗೆ ಗೋಣಿಚೀಲ ಹಾಸಿದ್ದರು. ಇನ್ನೊಬ್ಬರು, ಪೂಜೆ ಮಾಡಿದ ಮೈಗೆ ಚರ್ಮ ತಾಗಬಾರದೆಂದು, ಹಿಂದಿನ ಸೀಟಿನ ಮೇಲೆ ಹಲಸಿನ ಮಣೆ ಇಟ್ಟಿದ್ದರು. ಕಾಲಲ್ಲಿ ಮಾತ್ರ ಚರ್ಮದ ಜೋಡು! ಗುಂಡಿ ಬಂದಾಗೆಲ್ಲ ನನ್ನ ಸೊಂಟ ಲಟಕ್ಕೆನ್ನುತ್ತಿತ್ತು.

“ಯಾರ ಸೀಟು ಮೆತ್ತಗೈತೆ, ಹೇಳ್ರಿ ಮೇಷ್ಟ್ರೇ?” ಅಂದರು ಇಬ್ಬರೂ.

“ನಿಮ್ಮ ಡ್ರೈವರುಗಳನ್ನ ಕೇಳ್ರಿ,” ಅಂದೆ. “ಸೀಟಿನ ಮೇಲೆ ಕುಂತಿರೋರು ಅವರಿಬ್ಬರೇ.”