ಬದುಕಿರುವ ಅಮ್ಮನ ಸಮಾಧಿಯ ಹಾಡು

ನನ್ನ ಗಂಡ ಹೋಬರ್ಟ್ ಸ್ಟಾಲರ್ಡ್ ವಾರವಿಡೀ ಶಾಲಾ ಬಸ್ಸು ಓಡಿಸುತ್ತಾನೆ. ಶನಿವಾರ ಬಂತೆಂದರೆ ಬ್ಯಾಂಜೊ ಹೆಗಲಿಗೇರಿಸಿ ಹಾಡಲು ಹೊರಡುತ್ತಾನೆ. ದಾರಿಗೆ ಆಮೆ ಅಡ್ಡ ಬಂದರೆ ಬಸ್ಸು ನಿಲ್ಲಿಸಿ, ಇಳಿದು, ಎತ್ತಿ ಪಕ್ಕಕ್ಕೆ ಬಿಡುವಷ್ಟು ಸಾಧು. ಆದರೆ ಬ್ಯಾಂಜೊ ಕೈಗೆ ಬಂತೋ, ಮೊದಲ ಹಾಡಿನಲ್ಲೇ ಒಬ್ಬ ಹುಡುಗಿಯನ್ನು ಹೊಳೆಗೆ ತಳ್ಳುತ್ತಾನೆ. ಎರಡನೆಯದರಲ್ಲಿ ಜೈಲು ಸೇರುತ್ತಾನೆ, ಮುಂದಿನದರಲ್ಲಿ ಕಳ್ಳಭಟ್ಟಿ ಇಳಿಸುತ್ತಾನೆ, ಆಮೇಲೆ ರೈಲು ಹತ್ತಿ ಊರು ಬಿಡುತ್ತಾನೆ. ನಮ್ಮ ಡ್ರೈ ಫೋರ್ಕ್ ಕಣಿವೆಗೆ ರೈಲು ಬರುವುದು ನಿಂತು ಯಾವ ಕಾಲವಾಯಿತೋ, ಹಳಿಯ ಮೇಲೆ ಮುಳ್ಳುಪೊದೆ ಬೆಳೆದಿದೆ. ಹಾಡಿನಲ್ಲಿ ಮಾತ್ರ ಅದು ಒಂದು ದಿನವೂ ತಡವಾಗಿ ಬಂದಿಲ್ಲ. ಕೊನೆಯಲ್ಲಿ ಮಾಡಿದ ಪಾಪವನ್ನೆಲ್ಲ ತೊಳೆದುಕೊಳ್ಳಲು ಒಂದು ಯೇಸುವಿನ ಹಾಡು. ನಮ್ಮ ಗುಡ್ಡಗಾಡಿನ ಬ್ಲೂಗ್ರಾಸ್ ಸಂಗೀತ ಎಂದರೆ ಇಷ್ಟೇ. ಇಷ್ಟಿಲ್ಲದಿದ್ದರೆ ನಮಗೆ ಊಟ ಸೇರುವುದಿಲ್ಲ.

ಮದುವೆಗೆ ಮುಂಚೆ ಒಮ್ಮೆ, "ಹೊಳೆ ದಂಡೆಗೆ ಸುತ್ತಾಡೋಕೆ ಹೋಗೋಣ್ವಾ?" ಎಂದು ಕೇಳಿದ್ದ.

"ನಿನ್ ಹಾಡೆಲ್ಲ ಕೇಳಿದೀನಿ ಕಣಪ್ಪ. ಹೊಳೆ ಕಡೆ ಹೋದ ಹುಡುಗೀರು ಯಾರೂ ವಾಪಸ್ ಬಂದಿಲ್ಲ. ಐಸ್‌ಕ್ರೀಮ್ ಅಂಗಡಿಗೆ ಬೇಕಾದ್ರೆ ಬರ್ತೀನಿ" ಎಂದೆ.

ಹೋದೆವು, ಮದುವೆಯೂ ಆಯಿತು. ಅವನ ಹಾಡಿನ ತಂಡಕ್ಕೆ ಬಾಸ್ ನುಡಿಸುವವರು ಸಿಗದೆ, ನನಗಿಂತ ಎತ್ತರದ ಆ ದೊಡ್ಡ ಪಿಟೀಲನ್ನು ನನ್ನ ಕೈಗೇ ಕೊಟ್ಟ. ಅಂದಿನಿಂದ ಅವನ ಬೆನ್ನ ಹಿಂದೆ ನಿಂತು ತಂತಿ ಮೀಟುತ್ತಿದ್ದೇನೆ. ಅಲ್ಲಿ ನಿಂತವಳಿಗೆ ಗಂಡನ ಗುಟ್ಟೆಲ್ಲ ತಿಳಿಯುತ್ತದೆ.

ಗುಟ್ಟೆಂದರೆ ಅಮ್ಮ ತೀರಿಕೊಂಡ ಹಾಡು. ಅದು ಅವನೇ ಕಟ್ಟಿದ್ದು. "ಗುಡ್ಡದ ಮೇಲೆ ಮಲಗಿದಳಮ್ಮ, ಒಲೆ ತಣ್ಣಗಾಯಿತು" ಎಂದು ಊರೂರಿನ ಚರ್ಚುಗಳಲ್ಲಿ ಹಾಡಿ, ತಾನೂ ಅತ್ತು ಕೇಳಿದವರನ್ನೂ ಅಳಿಸಿದ. ಮನೆಯಲ್ಲಿ ಮಾತ್ರ ಒಮ್ಮೆಯೂ ಗುನುಗಲಿಲ್ಲ. ಯಾಕೆಂದರೆ ಆ ಅಮ್ಮ, ಅಂದರೆ ನಮ್ಮ ಅತ್ತೆ ವರ್ಜಿ, ಎಂಬತ್ತು ದಾಟಿಯೂ ಅದೇ ಒಲೆಯ ಮುಂದೆ ಗಟ್ಟಿಯಾಗಿ ನಿಂತು ಹಂದಿಮಾಂಸ ಹುರಿಯುತ್ತಿದ್ದರು.

"ಅವರ ಕಿವಿಗೆ ಬಿದ್ರೆ ಏನಾಗುತ್ತೆ?" ಎಂದು ಒಮ್ಮೆ ಕೆಣಕಿದೆ.

"ಅಪ್ಪ ಒಂದ್ಸಲ ಗಣಿ ಕುಸಿದ ಹಾಡು ಹಾಡಿದ, ಇದೇ ಮನೇಲಿ. ಅದೇ ವಾರ ಗಣಿ ಕುಸಿದು ಅವನೂ ಹೋದ. ಕರೆದ್ರೆ ಬರುತ್ತೆ ಕಣೇ" ಎಂದ.

ಅಪ್ಪ ಹೋದಾಗ ಅವನಿನ್ನೂ ಸಣ್ಣ ಹುಡುಗ. ಆಮೇಲೆ ನಾನು ಕೆಣಕಲು ಹೋಗಲಿಲ್ಲ.

ಕಳೆದ ವಸಂತದಲ್ಲಿ ಗುಡ್ಡದಾಚೆಯ ಚರ್ಚಿನಲ್ಲಿ ಆ ಹಾಡು ಹೇಳಿದೆವು. ಎಂದಿನಂತೆ "ಇದು ನನ್ನ ಅಮ್ಮನಿಗೆ" ಎಂದು ಕಣ್ಣೊರೆಸಿಕೊಂಡೇ ಶುರುಮಾಡಿದ. ಅಲ್ಲಿಯವರಿಗೆ ನಮ್ಮ ಮನೆಯ ಸಂಗತಿ ಏನು ಗೊತ್ತು? ನಮ್ಮ ಕಡೆ ಸಾವಾದ ಮನೆಗೆ ಬರಿಗೈಲಿ ಹೋಗುವುದಿಲ್ಲ. ಪಾತ್ರೆ ತಿರುಗಿ ಬರಲೆಂದು ಅದರ ತಳಕ್ಕೆ ತಮ್ಮ ಹೆಸರಿನ ಟೇಪು ಅಂಟಿಸಿ ಅಡುಗೆ ಒಯ್ಯುತ್ತಾರೆ. ಎರಡು ದಿನದಲ್ಲೇ ಆ ಊರಿನ ಮಿಸೆಸ್ ಕಿಲ್ಗೋರ್ ಕೋಳಿ ಕಡುಬಿನ ಸಾರು ಹಿಡಿದು ನಮ್ಮ ಬಾಗಿಲು ತಟ್ಟಿದರಂತೆ. ನಾವಿಬ್ಬರೂ ಕೆಲಸಕ್ಕೆ ಹೋಗಿದ್ದೆವು. ಬಾಗಿಲು ತೆರೆದದ್ದು ತೀರಿಕೊಂಡವರೇ.

"ಹೋಬರ್ಟನ ತಾಯಿ ಹೋಗಿಬಿಟ್ರಂತಲ್ಲ, ಪಾಪ. ನೀವು ಅವರಿಗೇನಾಗ್ಬೇಕು?"

"ತುಂಬ ಹತ್ತಿರದವಳು" ಎಂದರಂತೆ ನಮ್ಮ ಅತ್ತೆ. "ಒಳಗ್ ಬನ್ನಿ, ಕಾಫಿ ಮಾಡ್ತೀನಿ. ಯಾರು ಹೇಳಿದ್ರು ನಿಮಗೆ?"

ಮಿಸೆಸ್ ಕಿಲ್ಗೋರ್ ಹಾಡನ್ನು ಸಾಲು ಸಾಲಾಗಿ ಒಪ್ಪಿಸಿದರು. ಅತ್ತೆ ಕಾಫಿ ಕುಡಿಯುತ್ತ ಎರಡೆರಡು ಸಲ ಹೇಳಿಸಿಕೊಂಡು, ಪೂರ್ತಿ ಬಾಯಿಪಾಠ ಮಾಡಿಕೊಂಡರು.

ಸಂಜೆ ಹೋಬರ್ಟ್ ಕಡುಬನ್ನು ಚಪ್ಪರಿಸಿ ತಿನ್ನುತ್ತ, "ಯಾರಮ್ಮ ಕೊಟ್ಟಿದ್ದು?" ಎಂದ.

"ನಾನು ಸತ್ತಿದ್ದಕ್ಕೆ ಕೊಟ್ರು. ತಿನ್ನು, ಬಿಸಿ ಇದೆ."

ಅವನ ಚಮಚ ಅಲ್ಲೇ ನಿಂತಿತು.

"ಊರಿಗೆಲ್ಲ ಹಾಡ್ತೀಯ, ನನಗೊಬ್ಬಳಿಗೆ ಇಲ್ವೇನೋ? ಗುಡ್ಡದ ಮೇಲೆ ಮಲಗಿದ್ಮೇಲೆ ಕಿವಿ ಕೇಳ್ಸುತ್ತಾ ನಂಗೆ? ಹೂವಿನ ಭಾನುವಾರ ನನ್ನೆದುರಿಗೆ ಹಾಡ್ಬೇಕು."

"ಆಗಲ್ಲಮ್ಮ."

"ಹಂಗಾದ್ರೆ ಇನ್ಮೇಲೆ ಎಲ್ಲೂ ಹಾಡ್ಬೇಡ. ಸಾಯೋಳು ನಾನು. ಮೊದಲು ಕೇಳೋ ಹಕ್ಕು ನಂದು."

ಹೂವಿನ ಭಾನುವಾರ ಊರವರೆಲ್ಲ ಗುಡ್ಡ ಹತ್ತಿ, ತಮ್ಮವರ ಸಮಾಧಿ ಗುಡಿಸಿ ಹೂವಿಟ್ಟು, ಅಲ್ಲೇ ಉದ್ದನೆಯ ಮೇಜುಗಳ ಮೇಲೆ ಊಟ ಹರಡುತ್ತೇವೆ. ಮಾವನ ಸಮಾಧಿ ಕಲ್ಲಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಸೇಬಿನ ಕೇಕು ತಿನ್ನುತ್ತ ಅತ್ತೆ ಕುಳಿತರು. ಮಿಸೆಸ್ ಕಿಲ್ಗೋರ್ ಅವರನ್ನೂ ಕರೆಸಿದ್ದರು. ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದಲ್ಲ, ಹುರುಳಿಕಾಯಿ ಪಲ್ಯ ತುಂಬಿಸಿ ಕೈಗಿಟ್ಟು, "ವರ್ಜಿ ಅಂದ್ರೆ ನಾನೇ. ನನಗೋಸ್ಕರ ಅಷ್ಟು ಮರುಗಿದ್ರಿ, ಸಂತೋಷ" ಎಂದರು. ಮಿಸೆಸ್ ಕಿಲ್ಗೋರ್ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೋಬರ್ಟನಿಗೆ ನಗುವ ಸ್ಥಿತಿ ಇರಲಿಲ್ಲ. "ಗುಡ್ಡದ ಮೇಲೆ ಮಲಗಿದಳಮ್ಮ" ಎಂಬುದರವರೆಗೆ ಹೇಗೋ ಬಂದ. ಮುಂದಿನ ಮಾತು ಬಾಯಿಂದ ಹೊರಡಲಿಲ್ಲ. ನಾನು ಬಾಸ್ ನಿಲ್ಲಿಸಲಿಲ್ಲ. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು, ಆದರೂ ಅತ್ತೆಯ ಎದೆ ಏರಿಳಿಯುತ್ತಿದೆಯೇ ಎಂದು ಕಳ್ಳಗಣ್ಣಿನಿಂದ ನೋಡಿದೆ.

ಅತ್ತೆ ಕೇಕಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡರು. ಕುರ್ಚಿಯಿಂದೇಳದೆ, ಕತ್ತೆತ್ತಿ, ಮೇಲಿನ ದನಿಯಲ್ಲಿ ಎತ್ತಿಕೊಂಡರು: "ಒಲೆ ತಣ್ಣಗಾಯಿತು..." ಆ ದನಿಗೆ ಅವನ ದನಿ ಮೆಲ್ಲಗೆ ಬಂದು ಸೇರಿತು. ತನ್ನ ಸಾವಿನ ಹಾಡನ್ನು ತಾನೇ ಹಾಡುತ್ತ, ಮಗನನ್ನು ಕೈಹಿಡಿದು ನಡೆಸಿದಂತೆ ಕೊನೆಯ ಚರಣ ದಾಟಿಸಿದರು. ನನಗೆ ಅಳು ತಡೆಯಲಾಗಲಿಲ್ಲ.

"ಹಾಡು ಪರ್ವಾಗಿಲ್ಲ," ಎಂದರು ಮುಗಿದ ಮೇಲೆ. "ಶ್ರುತಿ ಇನ್ನೂ ಸ್ವಲ್ಪ ಮೇಲಿಡು. ಬರೋ ವರ್ಷ ಮತ್ತೆ ಕೇಳ್ತೀನಿ."

ಮರುದಿನ ಬೆಳಗ್ಗೆ ಹೋಬರ್ಟ್ ಹಾಸಿಗೆಯಿಂದೆದ್ದವನೇ ಬರಿಗಾಲಲ್ಲಿ ಅಡುಗೆಮನೆಗೆ ಓಡಿದ. ಅತ್ತೆ ಅಂಗಳಕ್ಕೆ ಮೊಟ್ಟೆ ತರಲು ಹೋಗಿದ್ದರು. ಅಡುಗೆಮನೆಯಲ್ಲಿ ಯಾರೂ ಕಾಣದೆ, ಕೈಚಾಚಿ ಒಲೆ ಮುಟ್ಟಿ ನೋಡಿದ. ಚುರ್ ಎಂದು ಬೆರಳು ಸುಟ್ಟಿತು.

"ಉರಿಯೋ ಒಲೆಗೆ ಕೈ ಇಡ್ತಾರೇನೋ, ಕೋಣ!" ಎಂದು ಬಾಗಿಲಿನಿಂದಲೇ ಅತ್ತೆ ಬೈದರು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು, ಆ ಬೈಗುಳವನ್ನೆಲ್ಲ ಕೇಳುತ್ತ, ಬಸ್ಸಿಗೆ ಹೊತ್ತಾಗುತ್ತಿದ್ದರೂ ಅವನು ನಗುತ್ತ ನಿಂತೇ ಇದ್ದ.