ಅಮ್ಮನ ಪಿಂಚಣಿ, ನಾನು ಬರೆದ ಕಾಗದ

ಅಮ್ಮನ ಹೆಸರಿನಲ್ಲಿ ನಾನು ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದಿದ್ದೇನೆ. ಅಮೆರಿಕದ ನಿಸರ್ಗ ಸೌಂದರ್ಯವನ್ನು ಇನ್ನಷ್ಟು ನೋಡುವ ಆಸೆ ತನಗಿದೆಯೆಂದೂ, ಅದಕ್ಕಾಗಿ ಇನ್ನಾರು ತಿಂಗಳು ಇರಲು ಅನುಮತಿ ಬೇಕೆಂದೂ ಅದರಲ್ಲಿ ಅಮ್ಮ ಇಮಿಗ್ರೇಷನ್ ಆಫೀಸಿನವರನ್ನು ಕೇಳಿಕೊಂಡಿದ್ದಾಳೆ. ಅಲ್ಲಿಯವರೆಗೆ ಅವಳು ನೋಡಿದ್ದ ನಿಸರ್ಗವೆಂದರೆ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಹಿಂದಿದ್ದ ಪಾರ್ಕು. ಆಸೆಯೆಲ್ಲ ನನ್ನದು.

ಡಾಟ್ ಕಾಮ್ ಭರಾಟೆಯ ಕಾಲ. ನಾನು ಸ್ಯಾನ್ ಹೊಸೆಯ ಒಂದು ಪುಟ್ಟ ಕಂಪನಿಯಲ್ಲಿದ್ದೆ. ಗಂಡನದು ಊರೂರು ತಿರುಗುವ ಕೆಲಸ. ಆಫೀಸಿನಲ್ಲಿ ಎಲ್ಲರಿಗೂ ನಾಳೆಯೇ ಕೋಟ್ಯಧೀಶರಾಗುವ ಅವಸರ, ನನಗೇನೂ ಕಡಿಮೆಯಿರಲಿಲ್ಲ. ಮಗು ಹುಟ್ಟುವ ಹೊತ್ತಿಗೆ, ಏಪ್ರಿಲ್‌ನಲ್ಲಿ, ಅಮ್ಮ ಬಂದಳು. ಮಂಡ್ಯದ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತಳಾದವಳು. ಅಪ್ಪ ಹೋದಮೇಲೂ ಯಾರ ಮುಂದೆಯೂ ಕೈ ಚಾಚಿದವಳಲ್ಲ. ಬರುವಾಗ ಪಿಂಚಣಿಯಲ್ಲಿ ಉಳಿಸಿ ಒಂದಿಷ್ಟು ಡಾಲರ್ ಕೊಂಡು ತಂದಿದ್ದಳು. ಇಂಡಿಯನ್ ಗ್ರೋಸರಿಯಲ್ಲಿ ಅಳಿಯ ಪರ್ಸ್ ತೆಗೆಯುವ ಮೊದಲೇ ಅವಳ ನೋಟು ಕೌಂಟರಿನ ಮೇಲಿರುತ್ತಿತ್ತು.

ಅಕ್ಟೋಬರಿಗೆ ಅವಳ ಆರು ತಿಂಗಳು ಮುಗಿಯುತ್ತಿತ್ತು. ಡೇಕೇರಿನಲ್ಲಿ ಮಗುವಿಗೆ ಜಾಗ ಸಿಗುವುದು ಮುಂದಿನ ವರ್ಷವೇ ಎಂದಿದ್ದರು. ಇನ್ನಾರು ತಿಂಗಳು ಇರಲಾಗದೇ ಎಂದು ಕೇಳಿದೆ. ಅಮ್ಮ ಒಂದೇ ಅಡ್ಡಿ ಹೇಳಿದಳು. ನವೆಂಬರಿನಲ್ಲಿ ಪಿಂಚಣಿದಾರರು ಬ್ಯಾಂಕಿಗೆ ಹೋಗಿ, ಬದುಕಿದ್ದೇವೆಂದು ಮುಖ ತೋರಿಸಿ ಸಹಿ ಹಾಕಬೇಕು. ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಊರಿನಲ್ಲಿ ಅವಳು ಆ ದಿನ ಮದುವೆಗೆ ಹೊರಟಂತೆ ರೇಷ್ಮೆ ಸೀರೆ ಉಟ್ಟು ಹೋಗುತ್ತಿದ್ದಳು. ಅಷ್ಟೇ ತಾನೆ, ಇಲ್ಲಿಂದಲೇ ಮಾಡಿಸೋಣ ಎಂದೆ. ವಿಚಾರಿಸಿಯೂ ಇದ್ದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ನಮ್ಮ ಕಾನ್ಸುಲೇಟಿಗೆ ಅವಳನ್ನು ಕರೆದುಕೊಂಡು ಹೋದರೆ ಬದುಕಿದ್ದಾಳೆಂದು ಸರ್ಟಿಫಿಕೇಟು ಕೊಡುತ್ತಿದ್ದರು, ಅರ್ಧ ದಿನದ ಕೆಲಸ.

ವೀಸಾ ಮುಂದುವರಿಸಲು ಅಮ್ಮನಿಗೆ ಸ್ವಂತ ಆದಾಯವಿದೆಯೆಂದು ತೋರಿಸಬೇಕಿತ್ತು. ಊರಿನಲ್ಲಿದ್ದ ಚಿಕ್ಕಮ್ಮ ಪಾಸ್‌ಬುಕ್ಕನ್ನು ಜೆರಾಕ್ಸ್ ಮಾಡಿಸಿ, ಇತ್ತ ಬರುತ್ತಿದ್ದ ಹಾಸನದವರೊಬ್ಬರ ಕೈಲಿ ಕಳಿಸಿದಳು. ತಿಂಗಳು ತಿಂಗಳು ಪಿಂಚಣಿ ಬಂದ ಸಾಲುಗಳಿಗೆಲ್ಲ ಹಳದಿ ಬಣ್ಣ ಬಳಿದು, ನಾನು ಬರೆದ ಕಾಗದದ ಜೊತೆ ಅಮ್ಮನ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು.

"ಇದ್ನೆಲ್ಲ ನಾನು ಹೇಳಿದ್ನಾ?" ಎಂದಳು.

ಹೀಗೇ ಬರೆಯಬೇಕಮ್ಮ ಎಂದೆ. ಪೆನ್ನು ತೆಗೆದುಕೊಂಡು ಸಹಿ ಹಾಕಿದಳು.

ನವೆಂಬರ್ ಬಂತು. ನಮ್ಮ ಕಂಪನಿಯ ಹೊಸ ವೆಬ್‌ಸೈಟಿನ ರಿಲೀಸು ವಾರದಿಂದ ವಾರಕ್ಕೆ ಮುಂದೆ ಹೋಗುತ್ತಿತ್ತು, ಅದರ ಜೊತೆಗೆ ಕಾನ್ಸುಲೇಟೂ. ಅಮ್ಮ ಎರಡು ಸಲ ನೆನಪಿಸಿದಳು. ಎರಡನೆಯ ಸಲ ಸಿಡುಕಿಬಿಟ್ಟೆ. ಸಿಡುಕು ನನ್ನ ಹುಟ್ಟುಗುಣ. ಆಫೀಸಿನಲ್ಲಿ ನುಂಗಿಕೊಂಡು ಮನೆಗೆ ತರುತ್ತಿದ್ದೆ. ಆಮೇಲೆ ಅವಳು ಕೇಳಲಿಲ್ಲ. ಕೇಳದೇ ಇದ್ದದ್ದು ನನಗೆ ಅನುಕೂಲವೇ ಆಯಿತು.

ಜನವರಿಯಲ್ಲಿ ಇಮಿಗ್ರೇಷನ್ನಿನಿಂದ ಒಪ್ಪಿಗೆ ಪತ್ರ ಬಂತು. ಅದೇ ವಾರ ಚಿಕ್ಕಮ್ಮ ಫೋನ್ ಮಾಡಿ, ಅಮ್ಮನ ಖಾತೆಗೆ ಪಿಂಚಣಿ ಬರುವುದು ನಿಂತಿದೆ ಎಂದಳು. ಯಾವ ಪಿಂಚಣಿ ತೋರಿಸಿ ಅಮ್ಮನನ್ನು ಉಳಿಸಿಕೊಂಡಿದ್ದೆನೋ, ಉಳಿಸಿಕೊಂಡದ್ದರಿಂದಲೇ ಅದು ನಿಂತಿತ್ತು. ಸುದ್ದಿ ಕೇಳಿದ ಅಮ್ಮ ಮಗುವಿಗೆ ರಾಗಿ ಸರಿ ತಿನ್ನಿಸಲು ಎದ್ದುಹೋದಳು.

ಎರಡು ದಿನ ಕಳೆದು ನಾನು ಆಫೀಸಿಗೆ ಹೊರಟಾಗ, ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲ ಹತ್ತಿರ ಬಂದಳು.

"ಐದು ಡಾಲರ್ ಇದ್ರೆ ಕೊಡ್ತೀಯೇನೆ? ತಂದಿದ್ದೆಲ್ಲ ಖರ್ಚಾಯ್ತು. ಊರಿಗೆ ಮಾತಾಡೋಕೆ ಫೋನ್ ಕಾರ್ಡ್ ತಗೋಬೇಕಿತ್ತು. ಪಿಂಚಣಿ ಬಂದ್ಮೇಲೆ ಕೊಟ್ಬಿಡ್ತೀನಿ."

ನನ್ನಮ್ಮ ನನ್ನನ್ನು ದುಡ್ಡು ಕೇಳಿದ್ದು ಅದೇ ಮೊದಲು. ಇಪ್ಪತ್ತರ ನೋಟು ಕೊಟ್ಟರೆ, ಐದೇ ಸಾಕು, ಚಿಲ್ಲರೆ ಇಲ್ಲವಾ ಎಂದಳು. ಚಪ್ಪಲಿ ಗೂಡಿನ ಪಕ್ಕ ಕೂತೆ. ತಪ್ಪಾಯಿತಮ್ಮ ಎಂದೆ. ಒಂದು ಬೆಳಗ್ಗೆ ಹೋಗಿ ಬಂದಿದ್ದರೆ ಮುಗಿಯುತ್ತಿತ್ತು, ಬೇಕಂತಲೇ ಮುಂದೆ ಹಾಕಿದೆ ಎಂದೆ.

"ಗೊತ್ತು ಬಿಡು. ಪಾರ್ಕಲ್ಲಿ ಸಿಗ್ತಾರಲ್ಲ, ಮೈಸೂರಿನ ಟೀಚರಮ್ಮ, ಅವರೂ ಪಿಂಚಣಿಯೋರೇ. ನವೆಂಬರಲ್ಲಿ ರೈಲಲ್ಲಿ ಹೋಗಿ ಮಾಡಿಸ್ಕೊಂಡು ಬಂದ್ರು. ನನ್ನೂ ಕರೆದ್ರು. ಮಗೂನ ಯಾರ ಕೈಲಿ ಬಿಟ್ಟು ಹೋಗ್ಲಿ?"

ನಾಳೆಯೇ ರಜ ಹಾಕುತ್ತೇನೆ, ಹೋಗೋಣ ಎಂದೆ.

"ನಿನ್ನ ರಿಲೀಸು ಮುಗೀಲಿ ಕಣೆ" ಎಂದಳು.

ಅದನ್ನು ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಆಮೇಲೆ ಬಂತು.